ಮನೆಯಂಗಳದ ಏರುಮಡಿಯಲ್ಲಿ ರಾಸ್‌ಬೆರಿ

ಈ ವಿದ್ಯಾಸಂಸ್ಥೆಯಲ್ಲಿ ಮೂವತ್ತು ವರ್ಷಗಳ ಕಾಲ ಜೀವಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ, ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದಾಗ, ಕಲಿಸಿದ ಪಾಠಕ್ಕಿಂತ ಕಲಿತ ಪಾಠವೊಂದನ್ನು ನಿವೇದಿಸುವುದೇ ಉಚಿತವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಶೀತದೇಶಗಳಲ್ಲಿ ನೆಲೆಸಿದ್ದಾರೆ. ಅವರ ತಂದೆತಾಯಿಗಳು ಆಗಾಗ ಅಲ್ಲಿಗೆ ಹೋಗಿಬರುತ್ತಾರೆ. ಅಂಥವರಿಗೆ ಈ ಪಾಠವು ಉಪಯೋಗಕ್ಕೆ ಬಂದೀತು.

ಕೆಲವು ವರ್ಷಗಳ ಹಿಂದೆ ಫೆಬ್ರವರಿ ತಿಂಗಳಿನಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ಬಳಿಯಿರುವ ಮಗಳ ಮನೆಗೆ ಹೋಗಿದ್ದೆ. ಹಿತ್ತಲಿನಲ್ಲಿ ಹಲಗೆಗಳನ್ನು ಕಟ್ಟಿ ಮಾಡಿದ ಏರುಮಡಿಯೊಂದಿತ್ತು. ಅದರಲ್ಲಿ ಎಲೆಯುದುರಿದ, ಆಳೆತ್ತರದ ಕಂದುಬಣ್ಣದ ಕೋಲುಗಳು ನಿಂತಿದ್ದವು. ಒಣಗಿದ ಕಡ್ಡಿಗಳೆಂದು ಭಾವಿಸಿ, ಯಾರನ್ನೂ ಕೇಳದೆ, ಎಲ್ಲವನ್ನೂ ಬುಡಕ್ಕೆ ಸಮನಾಗಿ ಕತ್ತರಿಸಿ ಮಡಿಯನ್ನು ಚೊಕ್ಕಟಗೊಳಿಸಿದೆ. ವಸಂತದಲ್ಲಿ ಹೊಸ ಚಿಗುರು ಹುಲುಸಾಗಿ ಬಂದಾಗ ನನ್ನ ಕೆಲಸಕ್ಕೆ ನಾನೇ ಮೆಚ್ಚಿಕೊಂಡೆ. ಜುಲೈ ತಿಂಗಳಿನಲ್ಲಿ ಮೊಮ್ಮಗಳು ಬಟ್ಟಲು ಹಿಡಿದು ಹಿತ್ತಲಿಗೆ ಹೋಗಿ, ಬರಿಗೈಯಲ್ಲಿ ಮರಳಿ ಬಂದು, “ಅಜ್ಜಾ, ಈ ವರ್ಷ ಹಣ್ಣು ಯಾಕ ಇಲ್ಲ?” ಎಂದು ಕೇಳಿದಳು. ಜೀವಶಾಸ್ತ್ರದ ಶಿಕ್ಷಕನ ಬಳಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡುದರ ಫಲವೇ ಈ ಲೇಖನ.

ಸಸ್ಯದ ಸ್ವಭಾವ

ಕೆಂಪು ರಾಸ್‌ಬೆರಿಯ ಶಾಸ್ತ್ರೀಯ ನಾಮ ರೂಬಸ್ ಇಡೇಯಸ್. ಇದು ಗುಲಾಬಿಯ ಕುಟುಂಬಕ್ಕೆ ಸೇರಿದ ಸಸ್ಯ. ಇದರ ಬೇರು ಮತ್ತು ಬುಡ ಬಹುವಾರ್ಷಿಕ. ಆದರೆ ಕಾಂಡದ ಆಯುಷ್ಯ ಕೇವಲ ಎರಡು ವರ್ಷ. ಮೊದಲ ವರ್ಷ ಕಾಂಡವು ನೆಲದಿಂದ ಎದ್ದು, ಎಲೆ ಬಿಟ್ಟು, ಎತ್ತರಕ್ಕೆ ಬೆಳೆಯುತ್ತದೆ. ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ಎರಡನೆಯ ವರ್ಷ ಅದೇ ಕಾಂಡದಿಂದ ಪಕ್ಕದ ಕುಡಿಗಳು ಹೊರಟು, ಹೂಬಿಟ್ಟು, ಫಲಿಸಿ, ಬಳಿಕ ಒಣಗಿ ಸಾಯುತ್ತದೆ. ಅಷ್ಟರಲ್ಲಿ ಮುಂದಿನ ವರ್ಷದ ಕಾಂಡಗಳು ಅದರ ಪಕ್ಕದಲ್ಲಿಯೇ ಎದ್ದಿರುತ್ತವೆ.

ನಮ್ಮ ಬಾಳೆಯನ್ನು ನೆನೆದರೆ ಈ ಕ್ರಮ ಸುಲಭವಾಗಿ ತಿಳಿಯುತ್ತದೆ. ಗೊನೆ ಕೊಟ್ಟ ಬಾಳೆಯನ್ನು ಕಡಿದು ಕಂದನ್ನು ಉಳಿಸುತ್ತೇವೆ. ಕಂದನ್ನೇ ಕಡಿಯುವ ರೈತನಿಲ್ಲ. ನಾನು ಮಾಡಿದ್ದು ಅದನ್ನೇ. ಚಳಿಗಾಲದಲ್ಲಿ ನಿಂತಿದ್ದ ಕೋಲುಗಳಲ್ಲಿ ಆ ಬೇಸಿಗೆಯ ಬೆಳೆಯೆಲ್ಲ ಮೊಗ್ಗಿನ ರೂಪದಲ್ಲಿ ಅಡಗಿತ್ತು.

ಏರುಮಡಿ ಏಕೆ?

ಸಿಯಾಟಲ್ ಸೀಮೆಯಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಅಕ್ಟೋಬರಿನಿಂದ ವಸಂತದವರೆಗೆ ಜಿನುಗುಮಳೆ ಸುರಿಯುತ್ತಲೇ ಇರುತ್ತದೆ. ಜಿಗುಟುಮಣ್ಣಿನಲ್ಲಿ ನೀರು ನಿಲ್ಲುತ್ತದೆ. ರಾಸ್‌ಬೆರಿಯ ಬೇರು ನಿಂತ ನೀರನ್ನು ಸಹಿಸದು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯು ಹಸಿ ಮಣ್ಣಿನಲ್ಲಿ ಬೇರನ್ನು ಕೊಳೆಯಿಸಿ ಗಿಡವನ್ನೇ ಕೊಲ್ಲುತ್ತದೆ. ನಮ್ಮ ಮಲೆನಾಡಿನಲ್ಲಿ ಶುಂಠಿಯನ್ನು ಕೊಳೆರೋಗದಿಂದ ಕಾಪಾಡಲು ಏರುಮಡಿ ಕಟ್ಟುವುದೂ ಇದೇ ಕಾರಣದಿಂದ.

ಮಡಿಯು ಒಂದು ಅಡಿಯಷ್ಟು ಎತ್ತರ, ಮೂರು ಅಡಿ ಅಗಲವಿದ್ದರೆ ಸಾಕು. ಉದ್ದವು ಜಾಗಕ್ಕೆ ತಕ್ಕಂತೆ. ಬಿಸಿಲು ಚೆನ್ನಾಗಿ ಬೀಳುವ ಸ್ಥಳವನ್ನು ಆರಿಸಬೇಕು. ಮಡಿಯ ತಳವನ್ನು ಮುಚ್ಚಬಾರದು. ಬೇರುಗಳು ಕೆಳಗಿನ ನೆಲಕ್ಕೂ ಇಳಿಯಬೇಕು. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ತುಂಬಬೇಕು. ಮಣ್ಣು ತುಸು ಆಮ್ಲಗುಣದ್ದಾಗಿದ್ದರೆ ಉತ್ತಮ. ಟೊಮೆಟೊ, ಆಲೂಗಡ್ಡೆ, ಬದನೆ ಬೆಳೆದ ಮಣ್ಣನ್ನು ಬಳಸಬಾರದು. ಆ ಬೆಳೆಗಳ ಸೊರಗುರೋಗದ ಶಿಲೀಂಧ್ರವು ರಾಸ್‌ಬೆರಿಗೂ ತಗಲುತ್ತದೆ.

ವಸಂತದ ಆರಂಭದಲ್ಲಿ ಸಸಿಗಳನ್ನು ಎರಡು ಅಡಿಗೊಂದರಂತೆ ಒಂದೇ ಸಾಲಿನಲ್ಲಿ ನೆಡಬೇಕು. ಮಡಿಯ ಎರಡೂ ತುದಿಗಳಲ್ಲಿ ಗೂಟ ನೆಟ್ಟು, ಮೂರು ಅಡಿ ಮತ್ತು ಐದು ಅಡಿ ಎತ್ತರದಲ್ಲಿ ತಂತಿ ಎಳೆದು, ಕಾಂಡಗಳನ್ನು ಅದಕ್ಕೆ ಕಟ್ಟಬೇಕು. ಒಂದು ಎಚ್ಚರಿಕೆಯುಂಟು: ಚಳಿಗಾಲದಲ್ಲಿ ನೀರನ್ನು ಬಸಿದು ಉಪಕರಿಸುವ ಏರುಮಡಿಯು ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಅಲ್ಲಿನ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಬಹು ವಿರಳ. ಆದುದರಿಂದ ವಾರಕ್ಕೆ ಒಂದರಿಂದ ಒಂದೂವರೆ ಅಂಗುಲ ಮಳೆಗೆ ಸಮನಾದ ನೀರನ್ನು ಉಣಿಸಿ, ಬುಡಕ್ಕೆ ಮರದ ಹೊಟ್ಟನ್ನೋ ಒಣಹುಲ್ಲನ್ನೋ ಹೊದಿಸಬೇಕು.

ಸವರುವ ಕ್ರಮ

ವಿಜಾಪುರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಚಾಟನಿಯ ಮಹತ್ವವನ್ನು ಹೇಳಬೇಕಾಗಿಲ್ಲ. ರಾಸ್‌ಬೆರಿಯಲ್ಲಿ ಎರಡು ಬಗೆಗಳಿದ್ದು, ಒಂದೊಂದಕ್ಕೂ ಸವರುವ ರೀತಿ ಬೇರೆ.

ಮೊದಲನೆಯದು ಬೇಸಿಗೆಯ ಬಗೆ. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯವು 1967ರಲ್ಲಿ ಬಿಡುಗಡೆ ಮಾಡಿದ ‘ಮೀಕರ್’ ತಳಿ ಈ ವರ್ಗದ್ದು. ಇದರಲ್ಲಿ, ಕೊಯ್ಲು ಮುಗಿದ ಮೇಲೆ, ಹಣ್ಣು ಕೊಟ್ಟ ಕಾಂಡಗಳನ್ನು ಮಾತ್ರ ನೆಲಮಟ್ಟಕ್ಕೆ ಕತ್ತರಿಸಬೇಕು. ಅವುಗಳ ತೊಗಟೆ ಸುಲಿದಂತಿದ್ದು, ಒಣಗಿದ ಪಕ್ಕದ ಕುಡಿಗಳು ಅಂಟಿಕೊಂಡಿರುತ್ತವೆ. ಹೊಸ ಕಾಂಡಗಳಿಗೆ ಕುಡಿಗಳಿರುವುದಿಲ್ಲ. ಹೊಸದರಲ್ಲಿ ಬಲವಾದ ಆರೆಂಟನ್ನು ಪ್ರತಿ ಬುಡಕ್ಕೂ ಉಳಿಸಿ, ಮಿಕ್ಕ ಬಡಕಲು ಕಾಂಡಗಳನ್ನು ತೆಗೆಯಬೇಕು.

ಎರಡನೆಯದು ಶರತ್ಕಾಲದ ಬಗೆ. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನ ಕೇಂದ್ರದಿಂದ 1969ರಲ್ಲಿ ಬಂದ ‘ಹೆರಿಟೇಜ್’ ಇದರ ಪ್ರಸಿದ್ಧ ಉದಾಹರಣೆ. ಇದು ಮೊದಲ ವರ್ಷದ ಕಾಂಡದ ತುದಿಯಲ್ಲಿಯೇ ಫಲಿಸುತ್ತದೆ. ಶರತ್ಕಾಲದ ಬೆಳೆಯೊಂದೇ ಸಾಕೆನ್ನುವವರು ಇದನ್ನು ಚಳಿಗಾಲದ ಕೊನೆಯಲ್ಲಿ ಸಂಪೂರ್ಣವಾಗಿ ಕತ್ತರಿಸಬಹುದು. ನನ್ನ ಕತ್ತರಿಯ ಕೆಲಸ ಈ ಬಗೆಗೆ ಸರಿಯಾಗಿತ್ತು. ಆದರೆ ಮಗಳ ಹಿತ್ತಲಿನಲ್ಲಿದ್ದುದು ಬೇಸಿಗೆಯ ಬಗೆ.

ಬೇರಿನಿಂದ ಎದ್ದು ದಾರಿಗೆ ನುಗ್ಗುವ ಮರಿಗಳನ್ನು ಆಗಾಗ ಕಿತ್ತುಹಾಕಬೇಕು. ಪಕ್ವವಾದ ಹಣ್ಣು ಮೆಲ್ಲನೆ ಎಳೆದೊಡನೆ ತನ್ನ ನಡುವಿನ ದಿಂಡನ್ನು ಗಿಡದಲ್ಲಿಯೇ ಬಿಟ್ಟು, ಟೊಳ್ಳಾದ ಬಟ್ಟಲಿನಂತೆ ಕೈಗೆ ಬರುತ್ತದೆ. ಎಳೆದರೂ ಬಾರದ ಹಣ್ಣು ಇನ್ನೂ ಬಲಿತಿಲ್ಲವೆಂದು ತಿಳಿಯಬೇಕು.

ನಮ್ಮ ನಾಡಿನ ಸಂಬಂಧ

ಈ ಕೆಂಪು ರಾಸ್‌ಬೆರಿಯನ್ನು ನಮ್ಮ ಬಯಲುಸೀಮೆಯ ಅಂಗಳಕ್ಕೆ ತರುವ ಆಸೆ ಬೇಡ. ಮೊಗ್ಗು ಸರಿಯಾಗಿ ಒಡೆಯಲು ಅದಕ್ಕೆ ದೀರ್ಘಕಾಲದ ಶೀತ ಅವಶ್ಯಕ. ಆ ಚಳಿ ಇಲ್ಲಿ ದೊರೆಯದು. ಆದರೆ ರೂಬಸ್ ನಿವಿಯಸ್ ಎಂಬ ಇನ್ನೊಂದು ಜಾತಿ ನಮ್ಮ ಪಶ್ಚಿಮ ಘಟ್ಟಗಳ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಹಣ್ಣು ಕಪ್ಪುನೇರಳೆ ಬಣ್ಣದ್ದು. ಆ ಬಗೆಯ ಚಳಿಯನ್ನು ಬೇಡದ ಕಾರಣ ಅಮೆರಿಕದ ಫ್ಲಾರಿಡಾದ ಮನೆದೋಟಗಳಲ್ಲಿ ಅದನ್ನು ಬೆಳೆಯುತ್ತಾರೆ. ಅಲ್ಲಿ ಅದರ ಹೆಸರು ‘ಮೈಸೂರು ರಾಸ್‌ಬೆರಿ’! ಅದೇ ಗಿಡ ಗಲಾಪಗೋಸ್ ದ್ವೀಪಗಳಲ್ಲಿ ಕೈಮೀರಿ ಹಬ್ಬಿ, ಅಲ್ಲಿನ ಮೂಲ ಸಸ್ಯಗಳನ್ನು ಅಡಗಿಸುತ್ತಿದೆ. ಒಂದು ನೆಲದ ಸಸ್ಯವನ್ನು ಇನ್ನೊಂದು ನೆಲಕ್ಕೆ ಒಯ್ಯುವವರು ಇದನ್ನು ಮರೆಯಬಾರದು.

ಉಪಸಂಹಾರ

ಆ ವರ್ಷ ಎದ್ದ ಕಾಂಡಗಳನ್ನು ಮಗಳು ಜೋಪಾನ ಮಾಡಿದಳು. ಮರುವರ್ಷದ ಬೇಸಿಗೆಯಲ್ಲಿ ಮೊಮ್ಮಗಳ ಬಟ್ಟಲು ತುಂಬಿತು. ನಾನು ಆಗ ಅಲ್ಲಿರಲಿಲ್ಲ. ಆದರೆ ಆ ಬರಿದಾದ ಬಟ್ಟಲನ್ನು ನೆನೆದಾಗಲೆಲ್ಲ, ಹಿಂದಿನ ಬೆಂಚುಗಳಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಕೆಲವು ಮುಖಗಳು ಕಣ್ಣ ಮುಂದೆ ಬರುತ್ತವೆ. ಮೊದಲ ವರ್ಷ ಫಲ ಕಾಣಲಿಲ್ಲವೆಂದು ಅವರಲ್ಲಿ ಎಷ್ಟು ಮಂದಿಯನ್ನು ನಾನು ಒಣಗಿದ ಕಡ್ಡಿಗಳೆಂದು ಎಣಿಸಿದ್ದೆನೋ! ಶಿಕ್ಷಕ ಬಂಧುಗಳು ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಕಾಂಡದ ವಯಸ್ಸನ್ನು ವಿಚಾರಿಸಲಿ ಎಂಬುದೇ ನನ್ನ ವಿನಮ್ರ ಬಿನ್ನಹ.