ಗುಡ್ಡದ ಮರೆಗೆ ಹೋದ ಡ್ರೋನಿಗೆ ಮಾತು ಮುಟ್ಟಿಸೋದು ಹೇಗೆ?

ನಾನು ಓದಿದ್ದು ಏಳನೇ ಕ್ಲಾಸು. ಹಿರಿಯೂರು ಸೀಮೆಯಲ್ಲಿ ಮಳೆ ನಂಬಿ ಶೇಂಗಾ, ತೊಗರಿ ಬೆಳೆಯುವವ. ಇಂಥವನು ಉಪಗ್ರಹದ ವಿಚಾರ ಬರೆಯಲು ಕೂತದ್ದಕ್ಕೆ ಕಾರಣ ಇದೆ.

ಹೋದ ವರ್ಷ ತೊಗರಿ ಹೂವಿಗೆ ಬಂದ ಹೊತ್ತಿನಲ್ಲಿ ಪೇಟೆಯಿಂದ ಇಬ್ಬರು ಹುಡುಗರು ಹೊಲಗಳ ಚಿತ್ರ ತೆಗೆಯಲು ಡ್ರೋನ್ ತಂದರು. ಗುಡ್ಡದ ಈಚೆ ಹಾರುವ ತನಕ ಎಲ್ಲ ಸರಿ ಇತ್ತು. ಗುಡ್ಡ ಬಳಸಿ ಆಚೆ ಹೋಯಿತು ನೋಡಿ, ಅವರ ಕೈಲಿದ್ದ ಪರದೆ ಕಪ್ಪಾಯಿತು. "ಹೆದರಬೇಡಿ ಯಜಮಾನ್ರೇ, ಸಂಪರ್ಕ ತಪ್ಪಿದರೆ ತಾನೇ ವಾಪಸ್ ಬರುತ್ತೆ" ಅಂದ್ರು. ಬರಲಿಲ್ಲ. ಮೂರನೇ ದಿನ ಕುರಿ ಕಾಯುವ ಹುಡುಗನಿಗೆ ಗುಡ್ಡದ ಹಿಂಬದಿ ಲಂಟಾನದ ಪೊದೆಯಲ್ಲಿ ಸಿಕ್ಕಿತು. ಆಮೇಲೆ ಗೊತ್ತಾದದ್ದು ಏನಂದ್ರೆ, ವಾಪಸ್ ಬರುವ ಎತ್ತರವನ್ನು 60 ಮೀಟರ್ ಅಂತ ಇಟ್ಟಿದ್ದರು. ಗುಡ್ಡ ಅದಕ್ಕಿಂತ ಎತ್ತರ. ಡ್ರೋನ್ ಹೇಳಿದ ಹಾಗೇ ಕೇಳಿತು, ನೆಟ್ಟಗೆ ಮನೆ ಕಡೆ ಹೊರಟು ಗುಡ್ಡಕ್ಕೆ ಬಡಿಯಿತು. ಅದರ ಬ್ಯಾಟರಿಗೆ ಬೆಂಕಿ ಹತ್ತಿದ್ದರೆ ಮೊದಲು ಒಣಹುಲ್ಲು, ಆಮೇಲೆ ನಮ್ಮ ತೊಗರಿ. ಒಂದು ವರ್ಷದ ದುಡಿಮೆ.

ಬೆಂಗಳೂರಿನಲ್ಲಿ ರೇಡಿಯೋ ಯಂತ್ರಗಳ ಕೆಲಸ ಮಾಡುವ ನನ್ನ ತಂಗಿಯ ಮಗ ಹಬ್ಬಕ್ಕೆ ಬಂದಾಗ ಎರಡು ದಿನ ಅವನ ತಲೆ ತಿಂದೆ. ತಿಳಿದದ್ದನ್ನು ನನ್ನ ಮಾತಿನಲ್ಲಿ ಇಲ್ಲಿ ಬರೀತೇನೆ.

ಡ್ರೋನಿನ ರೇಡಿಯೋ ಅಲೆ ಹೆಚ್ಚುಕಡಿಮೆ ನಮ್ಮ ಕಣ್ಣಿನ ನೋಟದ ಹಾಗೆ. ಎದುರು ತೆರವಿದ್ದರೆ ದೂರ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತೆ. ಬಯಲಾದರೂ ಭೂಮಿ ಗುಂಡಗಿರೋದರಿಂದ ಒಂದು ಮಿತಿ ಇದೆ. ನೂರು ಮೀಟರ್ ಮೇಲಿರುವ ಡ್ರೋನಿಗೆ ನೆಲದಿಂದ ಹೆಚ್ಚೆಂದರೆ ನಲವತ್ತು ಕಿಲೋಮೀಟರ್ ಚಿಲ್ಲರೆ. ಎತ್ತರ ಹೋದಷ್ಟೂ ಈ ನೋಟ ಉದ್ದ. ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದಿಂದ 2023ರ ಜೂನ್ 16ರಂದು ಹೊರಟ 'ತಪಸ್' ಎಂಬ ಚಾಲಕನಿಲ್ಲದ ವಿಮಾನವನ್ನು ಕಾರವಾರದಿಂದ 148 ಕಿ.ಮೀ. ದೂರ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನವರು ನಲವತ್ತು ನಿಮಿಷ ನಡೆಸಿದರು. ಅದು ಹಾರುತ್ತಿದ್ದದ್ದು 20,000 ಅಡಿಯಲ್ಲಿ. ಅಲ್ಲಿಂದ ರೇಡಿಯೋಗೆ ಮುನ್ನೂರು ಕಿ.ಮೀ. ಕಾಣುತ್ತೆ. ಎತ್ತಿನ ಹಗ್ಗವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. (ಇದೇ ಜಾತಿಯ ಒಂದು ವಿಮಾನ 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟದಲ್ಲಿ ಬಿದ್ದದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ.) ನಮ್ಮ ಹೊಲದ ಮೇಲೆ ಬರುವ ಸಣ್ಣ ಡ್ರೋನಿಗೆ ಅಷ್ಟು ಎತ್ತರವೂ ಇಲ್ಲ, ದಾರಿಯಲ್ಲಿ ಹಗ್ಗ ಹಿಡಿಯುವವರೂ ಇಲ್ಲ.

ಹಾಗಾದ್ರೆ ಮೇಲಿಂದ ಮಾತಾಡಿಸಬೇಕು, ಅಂದ್ರೆ ಉಪಗ್ರಹ. ಟಿ.ವಿ. ತೋರಿಸುವಂಥ ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿದೆ. ಅದಕ್ಕೆ ಹೆಚ್ಚು ಮಾತು, ಚಿತ್ರ ಕಳಿಸಲು ಅದರ ಕಡೆಗೇ ಮುಖ ಮಾಡಿದ ತಟ್ಟೆ ಬೇಕು. ಅಮೆರಿಕದ 'ಪ್ರಿಡೇಟರ್' ವಿಮಾನದ ತಲೆ ಊದಿಕೊಂಡಂತೆ ಕಾಣೋದು ಯಾಕಂದ್ರೆ ಒಳಗೆ ಆ ತಟ್ಟೆ ಇದೆ. ನಾಲ್ಕು ರೆಕ್ಕೆಯ ಸಣ್ಣ ಡ್ರೋನಿಗೆ ಅದನ್ನು ಹೊರಿಸೋದು ಮೇಕೆಗೆ ನೊಗ ಕಟ್ಟಿದ ಹಾಗೆ.

ಹಗುರವಾಗುವ ದಾರಿ ಬೇರೆ. ಇರಿಡಿಯಂ ಎಂಬ ಜಾಲದ 66 ಉಪಗ್ರಹಗಳು ಬರೀ 780 ಕಿ.ಮೀ. ಎತ್ತರದಲ್ಲಿ ಭೂಮಿ ಸುತ್ತುತ್ತವೆ. ಒಂದು ಮುಳುಗಿದರೆ ಇನ್ನೊಂದು ಹುಟ್ಟುತ್ತೆ. ಹತ್ತಿರ ಇರೋದರಿಂದ ತಟ್ಟೆ ಬೇಡ, ಅಂಗೈಯೊಳಗೆ ಹಿಡಿಯುವ ಆಂಟೆನಾ ಸಾಕು. ಅದರ ಒಂದು ಸಣ್ಣ ಮೋಡೆಮ್ ತೂಗೋದು 11.4 ಗ್ರಾಂ, ಹೆಚ್ಚುಕಡಿಮೆ ಒಂದು ತೊಲ! ಆಂಟೆನಾ, ತಂತಿ, ಡಬ್ಬಿ ಸೇರಿದರೆ ಇನ್ನಷ್ಟು ಆಗುತ್ತೆ. ಆದರೂ ಲೆಕ್ಕ ಹಾಕಿ. ಔಷಧಿ ಹೊಡೆಯುವ ಹತ್ತು ಲೀಟರಿನ ಡ್ರೋನಿಗೆ ಒಂದು ಕಿಲೋ ಯಂತ್ರ ಹೊರಿಸಿದರೆ ಒಂದು ಲೀಟರ್ ಔಷಧಿ ಕೆಳಗೇ ಉಳಿಯುತ್ತೆ.

ಈ ಹಗುರಕ್ಕೆ ಬೆಲೆ ಏನು? ಮಾತು ಕಮ್ಮಿ. ಆ ಮೋಡೆಮ್ ಒಂದು ಸಲಕ್ಕೆ ಮೇಲೆ ಕಳಿಸೋದು 340 ಬೈಟು, ಕೆಳಗೆ ತರೋದು 270. ಕನ್ನಡದಲ್ಲಿ ಬರೆದರೆ ಕಾಗದದ ಮೂರು ನಾಲ್ಕು ಸಾಲು. ಡ್ರೋನ್ ಎಲ್ಲಿದೆ, ಎಷ್ಟು ಎತ್ತರ, ಬ್ಯಾಟರಿ ಎಷ್ಟು ಉಳಿದಿದೆ ಅಂತ ಹೇಳಲು ಇಪ್ಪತ್ತು ಮೂವತ್ತು ಬೈಟು ಧಾರಾಳ. ಆದರೆ 20 ಲಕ್ಷ ಬೈಟಿನ ಒಂದು ಫೋಟೋ ಕಳಿಸಬೇಕಂದ್ರೆ ಸುಮಾರು 5,900 ಸಲ ಕಳಿಸಬೇಕು. ಒಂದೊಂದಕ್ಕೆ ಹತ್ತು ಸೆಕೆಂಡು ಹಿಡಿದರೂ ಹದಿನಾರು ಗಂಟೆ. ಆದ್ದರಿಂದ ಚಿತ್ರ ಡ್ರೋನಿನೊಳಗೇ ಇರಲಿ, ಸುದ್ದಿ ಮಾತ್ರ ಬರಲಿ.

ಇನ್ನೊಂದು. ಸೆಕೆಂಡಿಗೆ 15 ಮೀಟರ್ ಹೋಗುವ ಡ್ರೋನ್ ಆ ಹತ್ತು ಸೆಕೆಂಡಿನಲ್ಲಿ 150 ಮೀಟರ್ ಹೋಗಿರುತ್ತೆ. ಅಷ್ಟರಲ್ಲಿ ಮರ ಎದುರು ಬಂದರೆ ಆಜ್ಞೆ ಬಂದೂ ಪ್ರಯೋಜನ ಇಲ್ಲ. ಪಳಗಿದ ಎತ್ತು ಸಾಲು ಹಿಡಿದು ತಾನೇ ಹೋಗುತ್ತಲ್ಲ, ಕೊನೆಯಲ್ಲಿ ತಿರುಗು ಅಂದರೆ ಸಾಕು, ಡ್ರೋನ್ ಹಾಗಿರಬೇಕು. ಉಪಗ್ರಹದಿಂದ ಹೇಳೋದು 'ವಾಪಸ್ ಬಾ', 'ಮೇಲೇರು', 'ಅಲ್ಲೇ ಇಳಿ' ಇಷ್ಟೇ. ನಮ್ಮ ಗುಡ್ಡದಲ್ಲಿ ಆ 'ಮೇಲೇರು' ಒಂದೇ ಮಾತು ತಲುಪಿದ್ದರೂ ಸಾಕಿತ್ತು.

ತಂಗಿಯ ಮಗ ಹೇಳಿದ ಒಂದು ಕತೆ ನನಗೆ ಬಹಳ ಹಿಡಿಸಿತು. 1998ರ ಆಗಸ್ಟಿನಲ್ಲಿ 'ಲೈಮಾ' ಎಂಬ ಹದಿಮೂರು ಕಿಲೋದ ಏರೋಸೋಂಡ್ ವಿಮಾನವನ್ನು ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾರಿನ ಮೇಲಿಂದ ಹಾರಿಸಿದರು. ಆರು ಲೀಟರಿಗೂ ಕಡಿಮೆ ಪೆಟ್ರೋಲಿನಲ್ಲಿ 26 ಗಂಟೆ 45 ನಿಮಿಷ ಹಾರಿ ಅಟ್ಲಾಂಟಿಕ್ ಸಮುದ್ರ ದಾಟಿ ಸ್ಕಾಟ್ಲೆಂಡಿನ ದ್ವೀಪದಲ್ಲಿ ಇಳಿಯಿತು. ಚಾಲಕನಿಲ್ಲದ ವಿಮಾನ ಹಾಗೆ ದಾಟಿದ್ದು ಅದೇ ಮೊದಲು. ನಡು ಸಮುದ್ರದಲ್ಲಿ ಅದರ ಜೊತೆ ಮಾತೇ ಇರಲಿಲ್ಲ. ಆ ಯತ್ನದಲ್ಲಿ ಹೊರಟವೆಲ್ಲ ದಾಟಲೂ ಇಲ್ಲ. ಏಳು ವರ್ಷದ ನಂತರ, 2005ರ ಸೆಪ್ಟೆಂಬರ್ 16ರಂದು ಇದೇ ಏರೋಸೋಂಡನ್ನು ಅಮೆರಿಕದ ನೋವಾ ಮತ್ತು ನಾಸಾ ಸಂಸ್ಥೆಯವರು ಒಫೀಲಿಯಾ ಬಿರುಗಾಳಿಯೊಳಗೆ ಕಳಿಸಿದರು. ಈ ಸಲ ಉಪಗ್ರಹದ ಸಂಪರ್ಕ ಇತ್ತು. ಗಾಳಿ, ಒತ್ತಡ, ತೇವದ ಲೆಕ್ಕ ಆಗಿಂದಾಗಲೇ ದಡಕ್ಕೆ ಬಂತು. ಮನುಷ್ಯರು ವಿಮಾನದಲ್ಲಿ ಹೋಗಲಾಗದಷ್ಟು ತಗ್ಗಿನ ಗಾಳಿಯ ಸುದ್ದಿ ಅದು. ಮಳೆ ಕಾದು ಕೂರುವ ನನ್ನಂಥವನಿಗೆ ಇದರ ಬೆಲೆ ಗೊತ್ತು.

ಅಳವಡಿಸುವಾಗ ತಪ್ಪೋದು ಎಲ್ಲಿ ಅಂದ್ರೆ, ಆಂಟೆನಾಗೆ ಆಕಾಶ ಕಾಣಬೇಕು. ಡ್ರೋನಿನ ಮೈ ಕಾರ್ಬನ್ನಿನದಾದರೆ ಅದು ಅಲೆಯನ್ನು ತಡೆಯುತ್ತೆ, ಒಳಗೆ ಬಚ್ಚಿಟ್ಟರೆ ಕೆಲಸ ಕೆಟ್ಟಿತು. ಇರಿಡಿಯಂ ಅಲೆ ಮತ್ತು ಜಿಪಿಎಸ್ ಅಲೆ ಅಕ್ಕಪಕ್ಕದವು. ಎರಡೂ ಆಂಟೆನಾ ಒತ್ತೊತ್ತಾಗಿ ಇಟ್ಟರೆ ಇದು ಕೂಗುವಾಗ ಅದಕ್ಕೆ ಕಿವಿ ಕೇಳಿಸಲ್ಲ, ದಾರಿ ತಪ್ಪುತ್ತೆ. ಆದಷ್ಟು ದೂರ ಇಡಬೇಕು.

ನಮ್ಮ ದೇಶದಲ್ಲಿ ಕಣ್ಣಳತೆ ಮೀರಿ ಹಾರಿಸಲು ವಿಶೇಷ ಅನುಮತಿ ಬೇಕು, ಉಪಗ್ರಹ ಸಾಧನಕ್ಕೆ ಬೇರೆ ಪರವಾನಗಿ. ಯಾರೋ ಹೊರದೇಶದಿಂದ ತಂದುಕೊಟ್ಟರು ಅಂತ ಕಟ್ಟಿಕೊಂಡು ಹಾರಿಸಿದರೆ ಪೊಲೀಸ್ ಠಾಣೆ ನೋಡಬೇಕಾದೀತು. ನನ್ನ ಅಭಿಪ್ರಾಯ ಕೇಳಿದರೆ, ಸಮುದ್ರ, ಕಾಡು, ದೂರದ ಆಸ್ಪತ್ರೆಗೆ ಔಷಧಿ ಒಯ್ಯುವ ಕೆಲಸಕ್ಕೆ ಇದು ಬೇಕೇ ಬೇಕು. ನಲವತ್ತು ಎಕರೆ ಹೊಲದ ಚಿತ್ರಕ್ಕೆ ಬೇಡ.

ಈ ವರ್ಷ ಅದೇ ಹುಡುಗರು ಮತ್ತೆ ಬಂದರು. "ಸಂಪರ್ಕ ತಪ್ಪಿದರೆ ಎಷ್ಟು ಎತ್ತರಕ್ಕೆ ಏರಿ ಬರುತ್ತಪ್ಪಾ?" ಅಂತ ಮೊದಲೇ ಕೇಳಿದೆ. ಗುಡ್ಡದ ಮೇಲೂ ಮೂವತ್ತು ಮೀಟರ್ ಸೇರಿಸಿ ಇಟ್ಟಿದ್ದೀವಿ ಅಂದ್ರು. ಅವರನ್ನು ಕರಕೊಂಡು ನಾನೇ ಗುಡ್ಡದ ನೆತ್ತಿಗೆ ಹತ್ತಿದೆ, ಅಲ್ಲಿಂದ ಎರಡೂ ಕಡೆ ಕಾಣುತ್ತೆ. ಚಿತ್ರ ಪೂರ್ತಿ ಬಂತು. ಗುಡ್ಡದಾಚೆಯ ತೊಗರಿಯಲ್ಲಿ ಎರಡು ಕಡೆ ಸೊರಗು ರೋಗ ಹತ್ತಿದ್ದು ಅದರಲ್ಲೇ ಗೊತ್ತಾಯಿತು.