ಡಿಸ್ಚಾರ್ಜ್ ಆದ ಮೇಲಿನ ಲೆಕ್ಕ

ಲಕ್ವ ಹೊಡೆದವರನ್ನು ನೋಡಲು ಬರುವ ನೆಂಟರು ಮೊದಲು ಕೇಳುವುದು, "ಆಸ್ಪತ್ರೆಗೆ ಎಷ್ಟಾಯ್ತು?" ನಮ್ಮ ಯಜಮಾನರಿಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮಾತೂ ನಿಂತುಹೋಗಿತ್ತು. ಐಸಿಯು, ವಾರ್ಡು ಎಲ್ಲ ಮುಗಿಸಿ ಮನೆಗೆ ಕರೆತಂದಾಗ ಬಿಲ್ಲಿನ ಬಹುಪಾಲನ್ನು ನನ್ನ ಕಚೇರಿಯ ಗ್ರೂಪ್ ಇನ್ಶೂರೆನ್ಸ್ ಕಟ್ಟಿತ್ತು. ಅದನ್ನು ಕೇಳಿ ಬಂದವರೆಲ್ಲ ಸಮಾಧಾನಪಟ್ಟು, ಎಳನೀರು, ಸೇಬು ಇಟ್ಟು ಹೊರಟರು. ಇನ್ನು ಮೇಲೆ ತಿಂಗಳಿಗೆ ಎಷ್ಟು ಬೇಕಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಆ ಲೆಕ್ಕ ಹೀಗಿತ್ತು. ಹಗಲು ಹನ್ನೆರಡು ಗಂಟೆ ಇರುವ ಹೋಮ್ ನರ್ಸ್‌ಗೆ 18,000 ರೂಪಾಯಿ. ಫಿಸಿಯೋಥೆರಪಿಯವರು ಭಾನುವಾರ ಬಿಟ್ಟು ದಿನವೂ ಮನೆಗೆ ಬರಲು, ಸಲಕ್ಕೆ 500ರಂತೆ, 13,000. ತಲೆಭಾಗ ಎತ್ತುವ ಮಂಚಕ್ಕೂ ಬೆನ್ನು ಹುಣ್ಣಾಗದಂತೆ ಹಾಸುವ ಏರ್ ಬೆಡ್ಡಿಗೂ ಬಾಡಿಗೆ 3,000. ಡಯಾಪರ್, ಗ್ಲೌಸ್ ಇತ್ಯಾದಿಗೆ 4,000. ಮಾತ್ರೆಗೆ 3,500. ಒಟ್ಟು 41,500. ಇವರ ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನ ಆದಾಯ ನಿಂತಿತ್ತು, ಅದರ ಮಳಿಗೆಯ 9,000 ಬಾಡಿಗೆ ನಿಂತಿರಲಿಲ್ಲ. ನನ್ನ ಕೈಗೆ ಬರುವ ಸಂಬಳ 46,000. ಅಕ್ಕಿ ಬೇಳೆಗೆ ಮುಂಚೆಯೇ ತಿಂಗಳು ಮುಗಿದಿರುತ್ತಿತ್ತು.

ವಿಮೆ ಇದರಲ್ಲಿ ಎಷ್ಟು ಕೊಡುತ್ತದೆ? ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ ಎಲ್ಲ ಪಾಲಿಸಿಯಲ್ಲೂ ಒಂದು ಗಡುವು ಇರುತ್ತದೆ. ಆರೋಗ್ಯ ಸಂಜೀವನಿಯಂಥ ಸಾಧಾರಣ ಪಾಲಿಸಿಯಲ್ಲಿ 60 ದಿನ, ನಮ್ಮದರಲ್ಲೂ ಅಷ್ಟೇ. ಕೆಲವದರಲ್ಲಿ ಇನ್ನೂ ಹೆಚ್ಚು. ಆ ಗಡುವಿನೊಳಗಿನ ಮಾತ್ರೆ, ಸ್ಕ್ಯಾನು, ಡಾಕ್ಟರು ಬರೆದುಕೊಟ್ಟ ಫಿಸಿಯೋಥೆರಪಿ ಇವನ್ನು ಕ್ಲೇಮ್ ಮಾಡಬಹುದು. ಅದಕ್ಕೆ ಡಿಸ್ಚಾರ್ಜ್ ಸಮ್ಮರಿಯಲ್ಲೇ ಫಿಸಿಯೋ ಎಂದು ಬರೆಸಿಕೊಂಡಿರಬೇಕು, ಮನೆಗೆ ಬರುವವರ ರಸೀದಿಯಲ್ಲಿ ಅವರ ರಿಜಿಸ್ಟ್ರೇಷನ್ ಸಂಖ್ಯೆ ಇರಬೇಕು. ಹೋಮ್ ನರ್ಸ್, ಡಯಾಪರ್, ವಾಕರ್ ಮಾತ್ರ ಹೆಚ್ಚುಕಡಿಮೆ ಯಾವ ಪಾಲಿಸಿಯಲ್ಲೂ ಬರುವುದಿಲ್ಲ. ಏಜೆಂಟರು ಏನು ಹೇಳಿದರೂ ಈ ಮೂರನ್ನು ನಿಮ್ಮ ಜೇಬಿನ ಖರ್ಚೆಂದೇ ಹಿಡಿಯಿರಿ.

ಇಷ್ಟು ಹೊತ್ತಿಗೆ ಮೈದುನ ಬಂದು, "ಅತ್ತಿಗೆ, ನೀವೇ ಕೆಲಸ ಬಿಟ್ಟರೆ ಹೋಮ್ ನರ್ಸ್ ದುಡ್ಡು ಉಳಿಯುತ್ತಲ್ಲ" ಎಂದರು. ಅತ್ತೆಯವರ ಮನಸ್ಸಿನಲ್ಲೂ ಅದೇ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಗಂಡ ಮಲಗಿರುವಾಗ ಸೀರೆಯುಟ್ಟು ಆಫೀಸಿಗೆ ಹೊರಡುವ ಹೆಂಗಸನ್ನು ಬೀದಿ ಹೇಗೆ ನೋಡುತ್ತದೆ ಎನ್ನುವುದು ನನಗೂ ಗೊತ್ತು. ಆದರೂ ಈ ಸಲಹೆಯನ್ನು ಯಾರು ಕೊಟ್ಟರೂ ಕಾಗದದ ಮೇಲೆ ಬರೆದು ನೋಡಿ ಎನ್ನುತ್ತೇನೆ. 18,000 ಉಳಿಸಲು 46,000 ಬಿಡುವುದು. ಜೊತೆಗೆ ಪಿಎಫ್, ಗ್ರ್ಯಾಚುಟಿ. ಇವೆಲ್ಲಕ್ಕಿಂತ ದೊಡ್ಡದು ಕಚೇರಿಯ ವಿಮೆ. ಒಮ್ಮೆ ಲಕ್ವ ಆದವರಿಗೆ ಮತ್ತೊಮ್ಮೆ ಆಗುವ ಅಪಾಯ ಹೆಚ್ಚು. ಕೆಲಸ ಬಿಟ್ಟರೆ ಇವರ ಹೆಸರು ಗ್ರೂಪ್ ಪಾಲಿಸಿಯಿಂದ ಹೋಗುತ್ತದೆ. ಈ ಸ್ಥಿತಿಯಲ್ಲಿ ಹೊಸ ಪಾಲಿಸಿ ಸಿಗುವುದೇ ಕಷ್ಟ. ಸಿಕ್ಕರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಮೈದುನರ ಮುಂದೆ ಈ ಲೆಕ್ಕ ಇಟ್ಟೆ. ಅವರು ಒಳ್ಳೆಯವರು, ಮರುದಿನದಿಂದ ಸಂಜೆ ಹೊತ್ತು ಅಣ್ಣನ ಹತ್ತಿರ ಕೂರಲು ತಾವೇ ಬರತೊಡಗಿದರು.

ಫಿಸಿಯೋಥೆರಪಿಯನ್ನು ವಾರಕ್ಕೆ ಎರಡು ಸಲಕ್ಕೆ ಇಳಿಸಿ ದುಡ್ಡು ಉಳಿಸೋಣವೇ ಎಂದು ನಾನೂ ಯೋಚಿಸಿದ್ದುಂಟು. ಇಳಿಸಲಿಲ್ಲ. ಕೈಕಾಲಿನ ಚೇತರಿಕೆ ಹೆಚ್ಚಾಗಿ ಕಾಣುವುದು ಮೊದಲ ಮೂರು ತಿಂಗಳಲ್ಲಿ. ಆರು ತಿಂಗಳ ನಂತರವೂ ಅದು ನಿಲ್ಲುವುದಿಲ್ಲ, ಆದರೆ ವೇಗ ತಗ್ಗುತ್ತದೆ. ಹಾಗಾಗಿ ವರ್ಷಕ್ಕೆ ಇಷ್ಟು ಎಂದು ದುಡ್ಡಿದ್ದರೆ ಅದನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಬೇಡಿ, ಮುಂಚಿನ ತಿಂಗಳುಗಳಿಗೆ ಸುರಿಯಿರಿ. ಅದಕ್ಕಾಗಿ ನನ್ನ ಪಿಎಫ್‌ನಿಂದ ಮುಂಗಡ ತೆಗೆದೆ. ಗಂಡನ ಅಥವಾ ಹೆಂಡತಿಯ ಲಕ್ವಕ್ಕೂ ಅದು ಸಿಗುತ್ತದೆ, ವಾಪಸು ಕಟ್ಟಬೇಕಾಗಿಲ್ಲ. ಪರ್ಸನಲ್ ಲೋನಿನ ಬಡ್ಡಿ ನೆನೆದರೆ ಇದೇ ವಾಸಿ.

ಸಲಕರಣೆಗಳಿಗೆ ಮಾತ್ರ ದುಡ್ಡು ಹಾಕಲಿಲ್ಲ. ಬೆರಳಿನ ವ್ಯಾಯಾಮಕ್ಕೆಂದು ಅಂಗಡಿಯವರು ತೋರಿಸಿದ ಸೆಟ್ಟಿನ ಬದಲು ತಟ್ಟೆಯಲ್ಲಿ ಕಾಬೂಲ್ ಕಡಲೆ ಹರಡಿ, ಒಂದೊಂದಾಗಿ ಲೋಟಕ್ಕೆ ಹಾಕಿಸುತ್ತಿದ್ದೆವು. ಅದು ಸಲೀಸಾದ ಮೇಲೆ ಹೆಸರುಕಾಳು. ಮಾತಿನ ತರಬೇತಿಗೆ ನಮ್ಮೂರಿನವರು ಪುಣ್ಯ ಮಾಡಿದ್ದೇವೆ: ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಎಂದರೆ ಸಾಕು. ಅಲ್ಲಿನ ಶುಲ್ಕಕ್ಕಿಂತ ಹೋಗಿಬರುವ ಆಟೋ ಬಾಡಿಗೆಯೇ ನಮಗೆ ಹೆಚ್ಚಾಗುತ್ತಿತ್ತು.

ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು ಇವರದೇ ಹಣವನ್ನು ಇವರಿಗಾಗಿ ತೆಗೆಯುವುದು. ಉಳಿತಾಯ ಖಾತೆ ಇವರೊಬ್ಬರ ಹೆಸರಿನಲ್ಲಿತ್ತು. ಬಲಗೈ ಏಳದು, ಸಹಿ ಇಲ್ಲ. ಪಿನ್ ಕೇಳಿದರೆ ಅಂಕಿಗಳು ಬಾಯಿಗೆ ಬರವು. ಬ್ಯಾಂಕಿನ ಕೌಂಟರಿನಲ್ಲಿದ್ದವರು, "ಅವರನ್ನೇ ಕರ್ಕೊಂಡು ಬನ್ನಿ ಮೇಡಂ" ಎಂದುಬಿಟ್ಟರು. ಇಂಥ ಖಾತೆದಾರರ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆಯಿದೆ: ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಕೈಬೆರಳಾಗದಿದ್ದರೆ ಕಾಲ್ಬೆರಳನ್ನಾದರೂ ಒತ್ತಬಹುದು, ಇಬ್ಬರು ಸಾಕ್ಷಿ ಬೇಕು, ಅದರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಅದನ್ನು ಉಲ್ಲೇಖಿಸಿ ಮ್ಯಾನೇಜರಿಗೆ ಪತ್ರ ಬರೆದು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೆ. ಆಮೇಲೆ ಅಧಿಕಾರಿಯೊಬ್ಬರು ಸ್ಟ್ಯಾಂಪ್ ಪ್ಯಾಡ್ ಹಿಡಿದು ಮನೆಗೇ ಬಂದರು. ಇವರು ಎಡ ಹೆಬ್ಬೆಟ್ಟು ಒತ್ತಿ, ಬೆರಳಿಗಂಟಿದ ಮಸಿಯನ್ನು ನೋಡಿ ನಕ್ಕರು. ಮೂವತ್ತು ವರ್ಷ ಮಸಿಯಲ್ಲೇ ಕೆಲಸ ಮಾಡಿದವರಲ್ಲವೇ. ಅದೇ ದಿನ ಖಾತೆಯನ್ನು ಇಬ್ಬರ ಹೆಸರಿಗೆ, ಯಾರೊಬ್ಬರೂ ನಡೆಸುವಂತೆ ಬದಲಾಯಿಸಲು ಅರ್ಜಿ ಕೊಟ್ಟೆವು. ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿ ಓಡಾಡುತ್ತಿರುವ ಓದುಗರು ಈ ಕೆಲಸವನ್ನು ಇದೇ ವಾರ ಮುಗಿಸಿ. ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಬರೆದುಕೊಟ್ಟವರ ಬುದ್ಧಿಶಕ್ತಿಯೇ ಹೋದರೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ.

ತೆರಿಗೆಯ ವಿಷಯ ಚಿಕ್ಕದು. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಸರ್ಟಿಫಿಕೇಟ್ ಸಿಕ್ಕರೆ, 80ಡಿಡಿ ಎಂದು ನಾವು ಕರೆಯುವ ಕಡಿತ 75,000, ಶೇ. 80 ಅಥವಾ ಹೆಚ್ಚಾದರೆ 1,25,000. ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳದ ಕಾರಣ ನನ್ನಂಥ ಸಂಬಳದವರಿಗೆ ಅದರ ಗೋಜಿಲ್ಲ. ಸರ್ಟಿಫಿಕೇಟನ್ನಂತೂ ಮಾಡಿಸಿ, ಬೇರೆ ಸೌಲಭ್ಯಗಳಿಗೆ ಬೇಕಾಗುತ್ತದೆ.

ಈಗ ಇವರು ಕೋಲೂರಿ ನಡೆಯುತ್ತಾರೆ. ಬಾಡಿಗೆ ಮಂಚ ವಾಪಸಾಗಿದೆ, ಹೋಮ್ ನರ್ಸ್ ಅರ್ಧ ದಿನ ಬರುತ್ತಾರೆ, ಫಿಸಿಯೋ ವಾರಕ್ಕೆರಡು. ಉಳಿದಿರುವುದು ಪ್ರೆಸ್ಸು. ಮಿಷನ್ ಮಾರೋಣವೇ ಎಂದರೆ ಇವರು ತಲೆ ಅಡ್ಡಡ್ಡ ಆಡಿಸುತ್ತಾರೆ, ಮಳಿಗೆಯ ಬಾಡಿಗೆ ತಿಂಗಳಿಗೆ 9,000 ಹೋಗುತ್ತಲೇ ಇದೆ. ದಸರಾವರೆಗೆ ಕಾಯೋಣ ಎಂದು ಒಪ್ಪಂದವಾಗಿದೆ. ಅಷ್ಟರಲ್ಲಿ ಒಬ್ಬ ಹುಡುಗನನ್ನಿಟ್ಟುಕೊಂಡು ಇವರು ದಿನಕ್ಕೆ ಎರಡು ಗಂಟೆಯಾದರೂ ಅಲ್ಲಿ ಕೂರುವಂತಾದರೆ ಸರಿ, ಇಲ್ಲದಿದ್ದರೆ ಮಾರುವುದೇ.