ಅನುಮಾನ ಬಂದರೆ ಅಳೆದು ನೋಡಿ

ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯರೇ ಕಾರಣ ಎಂಬ ಮಾತನ್ನು ನೀವು ಪಾಠದಲ್ಲಿ ಓದಿದ್ದೀರಿ. ಪರಿಸರ ದಿನಾಚರಣೆಯ ಭಾಷಣಗಳಲ್ಲಿಯೂ ಕೇಳಿದ್ದೀರಿ. ಅದೇ ಮಾತನ್ನು ಮನೆಯಲ್ಲಿ ಹೇಳಿ ನೋಡಿ. "ಬಿಸಿಲು, ಮಳೆ ಎಲ್ಲ ನಮ್ಮ ಕೈಯಲ್ಲಿದೆಯೇನಪ್ಪಾ?" ಎಂದು ಅಜ್ಜ ನಗಬಹುದು. ಜನವರಿಯ ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತ ಚಿಕ್ಕಪ್ಪ "ಎಲ್ಲಿದೆಯೋ ನಿನ್ನ ಬಿಸಿ?" ಎಂದು ಕೇಳಬಹುದು. "ಇಷ್ಟು ದೊಡ್ಡ ಆಕಾಶವನ್ನು ಮನುಷ್ಯ ಕೆಡಿಸಲು ಸಾಧ್ಯವೇ?" ಎಂದು ಅಜ್ಜಿ ಆಶ್ಚರ್ಯಪಡಬಹುದು.

ಇವರಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಹೆಸರಾಂತ ವಿಜ್ಞಾನಿಗಳೂ ಕೇಳಿದ್ದರು. ಅನುಮಾನ ಪಡುವುದು ವಿಜ್ಞಾನದ ಮೊದಲ ಮೆಟ್ಟಿಲು. ಎರಡನೆಯ ಮೆಟ್ಟಿಲು ಅಳೆದು ನೋಡುವುದು. ಮೊದಲ ಮೆಟ್ಟಿಲಿನಲ್ಲೇ ಕುಳಿತವರಿಗೆ ಉತ್ತರ ಸಿಗುವುದಿಲ್ಲ. ಒಂದೊಂದು ಅನುಮಾನವನ್ನೂ ವಿಜ್ಞಾನಿಗಳು ಹೇಗೆ ಅಳತೆಗೆ ಹಚ್ಚಿದರು ಎಂಬುದನ್ನು ಈಗ ತಿಳಿಯೋಣ.

ಇಷ್ಟು ಕಡಿಮೆ ಅನಿಲ ಏನು ಮಾಡೀತು?

ನಾವು ಉಸಿರಾಡುವ ಗಾಳಿಯಲ್ಲಿ ಬಹುಪಾಲು ಸಾರಜನಕ ಮತ್ತು ಆಮ್ಲಜನಕ. ಇಂಗಾಲದ ಡೈಆಕ್ಸೈಡ್ ಅತ್ಯಲ್ಪ. ಅಷ್ಟು ಸ್ವಲ್ಪ ಅನಿಲ ಭೂಮಿಯನ್ನು ಬಿಸಿ ಮಾಡುವುದು ಹೇಗೆ?

1859ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಒಂದು ಕೊಳವೆಯಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಅದರ ಮೂಲಕ ಶಾಖದ ಕಿರಣಗಳನ್ನು ಹಾಯಿಸಿದರು. ಸಾರಜನಕ ಮತ್ತು ಆಮ್ಲಜನಕ ಆ ಕಿರಣಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟವು. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅವುಗಳನ್ನು ಹೀರಿಕೊಂಡವು. ಹಗಲು ಬಿಸಿಲಿನಲ್ಲಿ ಕಾದ ನೆಲ ಶಾಖವನ್ನು ಮೇಲಕ್ಕೆ ಬಿಡುತ್ತದೆಯಲ್ಲವೇ? ಅದರಲ್ಲಿ ಒಂದು ಭಾಗವನ್ನು ಈ ಅನಿಲಗಳು ಹೀರಿ ಮತ್ತೆ ಕೆಳಕ್ಕೆ ಕಳಿಸುತ್ತವೆ. ಇದೇ ಹಸಿರುಮನೆ ಪರಿಣಾಮ. ಇದು ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸುಮಾರು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಅಂದರೆ ಈ ಅನಿಲಗಳ ಹೊದಿಕೆ ನಮಗೆ ಬೇಕೇ ಬೇಕು. ಹೊದಿಕೆ ದಪ್ಪವಾಗುತ್ತ ಹೋದಾಗ ತೊಂದರೆ ಶುರುವಾಗುತ್ತದೆ.

ಕಡಲು ಹೀರಿಕೊಳ್ಳುವುದಿಲ್ಲವೇ?

1938ರಲ್ಲಿ ಇಂಗ್ಲೆಂಡಿನ ಗೈ ಕ್ಯಾಲೆಂಡರ್ ಎಂಬ ಎಂಜಿನಿಯರ್, 147 ಹವಾಮಾನ ಕೇಂದ್ರಗಳ ಹಳೆಯ ದಾಖಲೆಗಳನ್ನು ಕೈಯಲ್ಲೇ ಲೆಕ್ಕ ಹಾಕಿದರು. ಹಿಂದಿನ ಐವತ್ತು ವರ್ಷಗಳಲ್ಲಿ ಭೂಮಿ ಸುಮಾರು ಕಾಲು ಡಿಗ್ರಿ ಬಿಸಿಯಾಗಿದೆ, ಕಲ್ಲಿದ್ದಲು ಸುಟ್ಟದ್ದು ಅದಕ್ಕೆ ಕಾರಣವಿರಬಹುದು ಎಂದು ಅವರು ಹವಾಮಾನ ತಜ್ಞರ ಸಭೆಯಲ್ಲಿ ಹೇಳಿದರು. ತಜ್ಞರು ಒಪ್ಪಲಿಲ್ಲ. ಗಾಳಿಯಲ್ಲಿರುವ ಅನಿಲದ ಹಳೆಯ ಅಳತೆಗಳನ್ನು ನಂಬಬಹುದೇ ಎಂದರು. ಹೆಚ್ಚಾದ ಅನಿಲವನ್ನೆಲ್ಲ ಕಡಲು ಹೀರಿಕೊಂಡುಬಿಡುತ್ತದೆ ಎಂಬುದೂ ಆಗ ಅನೇಕರ ನಂಬಿಕೆಯಾಗಿತ್ತು.

ಈ ಅನುಮಾನಗಳು ನ್ಯಾಯವಾದವೇ. ಹಾಗಾದರೆ ಗಾಳಿಯನ್ನು ಸರಿಯಾಗಿ ಅಳೆಯಬೇಕಲ್ಲವೇ? ಆ ಕೆಲಸವನ್ನು ಅಮೆರಿಕದ ಚಾರ್ಲ್ಸ್ ಡೇವಿಡ್ ಕೀಲಿಂಗ್ ಕೈಗೆತ್ತಿಕೊಂಡರು. 1958ರ ಮಾರ್ಚ್‌ನಲ್ಲಿ, ಪೆಸಿಫಿಕ್ ಸಾಗರದ ಮಧ್ಯೆ ಇರುವ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅವರ ಅಳತೆ ಆರಂಭವಾಯಿತು. ಅಲ್ಲಿ ಕಾರ್ಖಾನೆಗಳಿಲ್ಲ, ವಾಹನಗಳ ದಟ್ಟಣೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದ ಶುದ್ಧ ಗಾಳಿ. ಮೊದಲ ಅಳತೆಯಲ್ಲಿ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 313 ಇಂಗಾಲದ ಡೈಆಕ್ಸೈಡ್ ಅಣುಗಳು ಕಂಡವು. 2024ರಲ್ಲಿ ಅದೇ ಜಾಗದ ವಾರ್ಷಿಕ ಸರಾಸರಿ ಸುಮಾರು 424. ಕಡಲು ಒಂದು ಪಾಲನ್ನು ಹೀರಿಕೊಳ್ಳುವುದು ನಿಜ. ಗಿಡಮರಗಳೂ ಒಂದು ಪಾಲು ತೆಗೆದುಕೊಳ್ಳುತ್ತವೆ. ಆದರೂ ನಾವು ಬಿಟ್ಟದ್ದರಲ್ಲಿ ಸುಮಾರು ಅರ್ಧದಷ್ಟು ಗಾಳಿಯಲ್ಲೇ ಉಳಿಯುತ್ತಿದೆ ಎಂಬುದು ಅಳತೆಯಿಂದ ಗೊತ್ತಾಯಿತು.

ಇಲ್ಲೊಂದು ಜಾಣ ಪ್ರಶ್ನೆ ಬರುತ್ತದೆ. ಮೌನಾ ಲೋವಾ ಒಂದು ಜ್ವಾಲಾಮುಖಿ. ಅದರಿಂದಲೇ ಅನಿಲ ಬರುತ್ತಿರಬಹುದಲ್ಲವೇ? ಕೀಲಿಂಗ್ ಇದನ್ನು ಮರೆತಿರಲಿಲ್ಲ. ಜ್ವಾಲಾಮುಖಿಯ ಬಾಯಿಯ ಕಡೆಯಿಂದ ಗಾಳಿ ಬೀಸಿದಾಗಿನ ಅಳತೆಗಳನ್ನು ಅವರು ಬೇರೆ ತೆಗೆದಿಡುತ್ತಿದ್ದರು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಧ್ರುವದಲ್ಲಿಯೂ ಅಳತೆ ನಡೆಯುತ್ತಿತ್ತು. ಅಲ್ಲಿಯೂ ಇದೇ ಏರಿಕೆ ಕಂಡಿತು.

ಹೆಚ್ಚಾದ ಅನಿಲ ನಮ್ಮದೇ ಎಂದು ಹೇಗೆ ಗೊತ್ತು?

ನಿಮ್ಮ ಊರಿನ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ಕ್ಯಾನು ತುಂಬಿದೆ ಎಂದ ಮಾತ್ರಕ್ಕೆ ಅಲ್ಲಿ ಒಪ್ಪಿಕೊಳ್ಳುವುದಿಲ್ಲ. ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರೆ. ನೀರು ಬೆರೆತಿದ್ದರೆ ಹಾಲು ತೆಳುವಾಗಿರುವುದು ಗೊತ್ತಾಗುತ್ತದೆ. ಗಾಳಿಗೂ ಇಂತಹ ಒಂದು ಪರೀಕ್ಷೆ ಇದೆ.

ಗಾಳಿಯಲ್ಲಿರುವ ಇಂಗಾಲದಲ್ಲಿ ಇಂಗಾಲ-14 ಎಂಬ ವಿಶೇಷ ಬಗೆಯ ಪರಮಾಣುಗಳು ಬಹಳ ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಅವು ನಿಧಾನವಾಗಿ ಕ್ಷಯಿಸುತ್ತವೆ. ಸುಮಾರು 5,730 ವರ್ಷಗಳಿಗೆ ಅರ್ಧ ಉಳಿಯುತ್ತವೆ. ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದೊಳಗೆ ಹೂತಿದ್ದವು. ಆದ್ದರಿಂದ ಅವುಗಳಲ್ಲಿ ಇಂಗಾಲ-14 ಉಳಿದೇ ಇಲ್ಲ. ಅವನ್ನು ಸುಟ್ಟು ಬಂದ ಅನಿಲ ಗಾಳಿಗೆ ಬೆರೆತರೆ, ಹಾಲಿಗೆ ನೀರು ಬೆರೆತಂತೆ ಇಂಗಾಲ-14ರ ಪಾಲು ತೆಳುವಾಗಬೇಕು. 1955ರಲ್ಲಿ ಹ್ಯಾನ್ಸ್ ಸ್ಯೂಸ್ ಎಂಬ ವಿಜ್ಞಾನಿ ಹಳೆಯ ಮತ್ತು ಹೊಸ ಮರದ ತುಂಡುಗಳನ್ನು ಹೋಲಿಸಿ, ಹೊಸ ಮರದಲ್ಲಿ ಅದು ತೆಳುವಾಗಿರುವುದನ್ನು ತೋರಿಸಿದರು.

ಇನ್ನೊಂದು ಸಾಕ್ಷಿಯೂ ಇದೆ. ಏನನ್ನು ಸುಟ್ಟರೂ ಆಮ್ಲಜನಕ ಖರ್ಚಾಗುತ್ತದೆ ಎಂದು ನಿಮಗೆ ಗೊತ್ತು. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕವನ್ನು ದಶಕಗಳಿಂದ ಅಳೆಯುತ್ತಿದ್ದಾರೆ. ಅದು ಅತಿ ಸ್ವಲ್ಪವಾಗಿ ಇಳಿಯುತ್ತಿದೆ. ಉಸಿರಾಟಕ್ಕೆ ಇದರಿಂದ ಭಯವಿಲ್ಲ. ಆದರೆ ಎಲ್ಲೋ ಏನನ್ನೋ ಭಾರಿ ಪ್ರಮಾಣದಲ್ಲಿ ಸುಡಲಾಗುತ್ತಿದೆ ಎಂಬುದಕ್ಕೆ ಇದು ಗುರುತು. ಮನುಷ್ಯರು ಇಂಧನ ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದಾರೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ಬಿಡುವುದು ಇದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಸೂರ್ಯನೇ ಹೆಚ್ಚು ಸುಡುತ್ತಿರಬಹುದಲ್ಲವೇ?

ಇದೂ ಒಳ್ಳೆಯ ಪ್ರಶ್ನೆ. 1978ರಿಂದ ಉಪಗ್ರಹಗಳು ಸೂರ್ಯನಿಂದ ಬರುವ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. ಸುಮಾರು 11 ವರ್ಷಗಳಿಗೊಮ್ಮೆ ಅದು ಸಾವಿರದಲ್ಲಿ ಒಂದು ಪಾಲಿನಷ್ಟು ಏರಿ ಇಳಿಯುತ್ತದೆ. ಆದರೆ ಭೂಮಿ ಬಿಸಿಯಾದಂತೆ ಸೂರ್ಯನ ಶಕ್ತಿ ಏರುತ್ತ ಹೋಗಿಲ್ಲ.

ಇನ್ನೊಂದು ಪರೀಕ್ಷೆ ನೋಡಿ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಕೆಳಪದರವೂ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ಕೆಳಪದರ ಬಿಸಿಯಾಗಿ, ಅದರ ಮೇಲಿನ ಸಮೋಷ್ಣ ಮಂಡಲ ತಣ್ಣಗಾಗಬೇಕು. ಏಕೆಂದರೆ ಅಲ್ಲಿನ ತೆಳು ಗಾಳಿಯಲ್ಲಿ ಈ ಅನಿಲ ಶಾಖವನ್ನು ಹೊರಗಿನ ಆಕಾಶಕ್ಕೆ ಬಿಟ್ಟುಕೊಡುತ್ತದೆ. 1967ರಲ್ಲೇ ಸ್ಯುಕುರೊ ಮನಾಬೆ ಮತ್ತು ಅವರ ಜೊತೆಗಾರರು ಹೀಗೆ ಲೆಕ್ಕ ಹಾಕಿದ್ದರು. ಬಲೂನು ಮತ್ತು ಉಪಗ್ರಹಗಳ ಅಳತೆಯಲ್ಲಿ ಹಾಗೆಯೇ ಕಂಡುಬಂತು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮೊದಲೇ ಹೇಳಿ, ಕಾದು ನೋಡಿದರು

ತಮಿಳುನಾಡಿನಲ್ಲಿ ಹುಟ್ಟಿದ ವೀರಭದ್ರನ್ ರಾಮನಾಥನ್ ಎಂಬ ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ ಮನೆಯವರೊಂದಿಗೆ ಬೆಂಗಳೂರಿಗೆ ಬಂದ. ಅಲ್ಲಿಯ ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ. ಅವನು ಅದುವರೆಗೆ ಕಲಿತದ್ದು ತಮಿಳಿನಲ್ಲಿ. ಪಾಠ ಅರ್ಥವಾಗದೆ, ಎಲ್ಲವನ್ನೂ ತಾನೇ ಯೋಚಿಸಿ ತಿಳಿದುಕೊಳ್ಳುವ ಅಭ್ಯಾಸ ಅವನಿಗೆ ಬೆಳೆಯಿತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಹೆಸರಾಂತ ವಾಯುಗುಣ ವಿಜ್ಞಾನಿಯಾದರು.

1980ರಲ್ಲಿ ರಾಮನಾಥನ್ ಮತ್ತು ರೋಲೆಂಡ್ ಮ್ಯಾಡನ್ ಒಂದು ಲೆಕ್ಕ ಪ್ರಕಟಿಸಿದರು. ಇಂಗಾಲದ ಡೈಆಕ್ಸೈಡ್‌ನಿಂದಾಗುವ ಬಿಸಿ 2000ನೇ ಇಸವಿಯ ಹೊತ್ತಿಗೆ ಅಳತೆಗಳಲ್ಲಿ ಎದ್ದು ಕಾಣಬೇಕು ಎಂದು ಅದರಲ್ಲಿ ಹೇಳಿದ್ದರು. ಕಾಣದಿದ್ದರೆ ಅವರ ಲೆಕ್ಕ ತಪ್ಪೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಿಂದಿನ ಐವತ್ತು ವರ್ಷಗಳ ಏರಿಕೆಯಲ್ಲಿ ಹೆಚ್ಚಿನ ಪಾಲು ಹಸಿರುಮನೆ ಅನಿಲಗಳಿಂದಲೇ ಆಗಿರುವ ಸಂಭವವಿದೆ ಎಂದು 2001ರಲ್ಲಿ ವಿಶ್ವಸಂಸ್ಥೆಯ ವಾಯುಗುಣ ಸಮಿತಿಯ ವರದಿ ತಿಳಿಸಿತು. ಮುಂಚಿತವಾಗಿ ಹೇಳಿದ್ದು ಅಳತೆಗೆ ಸಿಕ್ಕಿತ್ತು.

ಅಳೆದು ಮನಸ್ಸು ಬದಲಿಸಿದವರು

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೆ ತಾಪಮಾಪಕಗಳ ಮೇಲೆಯೇ ಅನುಮಾನವಿತ್ತು. ಊರುಗಳು ಬೆಳೆದು ತಾಪಮಾಪಕಗಳ ಸುತ್ತ ಸಿಮೆಂಟು, ಡಾಂಬರು ಬಂದಿವೆ. ಅದಕ್ಕೇ ಅವು ಹೆಚ್ಚು ತೋರಿಸುತ್ತಿರಬಹುದು ಎಂದು ಅವರು ಯೋಚಿಸಿದರು. 2010ರ ಹೊತ್ತಿಗೆ ಒಂದು ತಂಡ ಕಟ್ಟಿಕೊಂಡು, 36,000ಕ್ಕೂ ಹೆಚ್ಚು ಕೇಂದ್ರಗಳ ದಾಖಲೆಗಳನ್ನು ಹೊಸದಾಗಿ ಪರಿಶೀಲಿಸಿದರು. ನಗರಗಳಿಂದ ದೂರವಿರುವ ಕೇಂದ್ರಗಳನ್ನು ಬೇರೆಯಾಗಿ ನೋಡಿದರು. ಅಲ್ಲಿಯೂ ಅದೇ ಏರಿಕೆ! ಭೂಮಿ ಬಿಸಿಯಾಗಿರುವುದು ನಿಜ, ಕಾರಣ ಹೆಚ್ಚು ಕಡಿಮೆ ಪೂರ್ತಿಯಾಗಿ ಮನುಷ್ಯರೇ ಎಂದು 2012ರಲ್ಲಿ ಅವರು ಬಹಿರಂಗವಾಗಿ ಬರೆದರು. ಅನುಮಾನ ಪಡುವ ಸರಿಯಾದ ರೀತಿ ಇದು.

ಬೇರೆ ರೀತಿಯ ಅನುಮಾನವೂ ಇದೆ. ಇಂಧನ ಸುಡುವುದರಿಂದ ವಾಯುಗುಣ ಬದಲಾಗಬಹುದು ಎಂದು 1977ರಲ್ಲಿ ಅಮೆರಿಕದ ಎಕ್ಸಾನ್ ಎಂಬ ತೈಲ ಕಂಪನಿಯ ವಿಜ್ಞಾನಿಯೇ ಅದರ ಮೇಲಧಿಕಾರಿಗಳಿಗೆ ವಿವರಿಸಿದ್ದರು. ಆದರೆ 1990ರ ದಶಕದಲ್ಲಿ ಕಂಪನಿಯ ಮುಖ್ಯಸ್ಥರು ಈ ವಿಜ್ಞಾನ ಇನ್ನೂ ಖಚಿತವಿಲ್ಲ ಎಂದು ಜನರೆದುರು ಭಾಷಣ ಮಾಡಿದರು. ಕಂಪನಿಯ ವಿಜ್ಞಾನಿಗಳು ಹಾಕಿದ್ದ ಹಳೆಯ ಲೆಕ್ಕಗಳನ್ನು 2023ರಲ್ಲಿ ಸಂಶೋಧಕರು ಪರಿಶೀಲಿಸಿದಾಗ, ಹೆಚ್ಚಿನವು ನಂತರ ಆದ ಏರಿಕೆಗೆ ಸರಿಹೊಂದಿದವು. ಹಾಗಾಗಿ ಯಾರಾದರೂ ಅನುಮಾನ ಹೇಳಿದಾಗ ಒಂದು ಮಾತು ಕೇಳಿ: ಯಾವ ಅಳತೆ ಸಿಕ್ಕರೆ ನೀವು ಒಪ್ಪುತ್ತೀರಿ? ನಿಜವಾಗಿ ತಿಳಿಯಬೇಕೆಂದಿರುವವರು ಇದಕ್ಕೆ ಉತ್ತರ ಹೇಳುತ್ತಾರೆ.

ಚಿಕ್ಕಪ್ಪನಿಗೆ ಏನು ಹೇಳೋಣ?

ಒಂದು ದಿನದ ಬಿಸಿಲು, ಮಳೆ, ಚಳಿ ಹವಾಮಾನ. ಮೂವತ್ತು ವರ್ಷಗಳಷ್ಟು ದೀರ್ಘಕಾಲದ ಸರಾಸರಿ ವಾಯುಗುಣ. ಒಬ್ಬ ವಿದ್ಯಾರ್ಥಿ ಒಂದು ದಿನ ಶಾಲೆಗೆ ಬರಲಿಲ್ಲವೆಂದು ಅವನು ಶಾಲೆ ಬಿಟ್ಟನೆಂದು ಹೇಳುತ್ತೇವೆಯೇ? ವರ್ಷದ ಹಾಜರಿ ಪುಸ್ತಕ ನೋಡುತ್ತೇವೆ. ಹಾಗೆಯೇ ಒಂದು ಬೆಳಗಿನ ಚಳಿಯಿಂದ ವಾಯುಗುಣ ತಿಳಿಯದು. ಒಂದು ದಿನದ ಸೆಕೆಯಿಂದಲೂ ತಿಳಿಯದು. ಭೂಮಿಯ ಹಾಜರಿ ಪುಸ್ತಕ ಹೇಳುವುದಿಷ್ಟು: 1850ರಿಂದ 1900ರವರೆಗಿನ ಸರಾಸರಿಗಿಂತ 2024ರ ವರ್ಷ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತು.

ವಿಜ್ಞಾನಿಗಳಿಗೆ ಇನ್ನೂ ಬಿಡಿಸಲಾಗದ ಪ್ರಶ್ನೆಗಳೂ ಇವೆ. ಬಿಸಿ ಹೆಚ್ಚಿದಂತೆ ಮೋಡಗಳು ಹೇಗೆ ಬದಲಾಗುತ್ತವೆ? ಒಂದು ತಾಲ್ಲೂಕಿನ ಮುಂಗಾರು ಮಳೆ ಎಷ್ಟು ಹೆಚ್ಚು ಕಡಿಮೆಯಾಗುತ್ತದೆ? ಇವುಗಳ ಮೇಲೆ ಕೆಲಸ ನಡೆಯುತ್ತಿದೆ. ಹಾಗೆಂದು ಎಲ್ಲ ತಿಳಿಯುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಇಂದು ಬಿಟ್ಟ ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲಿ ಇರುತ್ತದೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಇರುತ್ತದೆ.

ಅಜ್ಜನ ಅನುಭವವನ್ನೂ ಕೇಳಿ ಬರೆದುಕೊಳ್ಳಿ. ಮೊದಲು ಬಿತ್ತನೆ ಯಾವಾಗ ಮಾಡುತ್ತಿದ್ದರು, ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು ಎಂದು ವಿಚಾರಿಸಿ. ಬಳಿಕ ಅದನ್ನು ದಾಖಲೆಗಳೊಂದಿಗೆ ಹೋಲಿಸಿ. ಹಿರಿಯರ ನೆನಪು ಒಳ್ಳೆಯ ಪ್ರಶ್ನೆಗಳನ್ನು ಕೊಡುತ್ತದೆ. ಉತ್ತರವನ್ನು ಅಳತೆಯಿಂದ ಪಡೆಯೋಣ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಶಾಲೆಯ ವಿಜ್ಞಾನ ಪೆಟ್ಟಿಗೆಯ ತಾಪಮಾಪಕ, ದಾರ, ರಟ್ಟಿನ ತುಂಡು, ನೋಟ್ ಪುಸ್ತಕ.

1. ಮರದ ನೆರಳು, ಸಿಮೆಂಟಿನ ಅಂಗಳ, ಬಿಸಿಯೂಟದ ಅಡುಗೆಕೋಣೆಯ ಹೊರಗೋಡೆಯ ಪಕ್ಕ – ಈ ಮೂರು ಜಾಗಗಳನ್ನು ಆರಿಸಿಕೊಳ್ಳಿ.
2. ಪ್ರತಿದಿನ ಮಧ್ಯಾಹ್ನ ಒಂದೇ ವೇಳೆಗೆ ತಾಪಮಾಪಕವನ್ನು ನಿಮ್ಮ ಎದೆಯ ಎತ್ತರದಲ್ಲಿ ನೇತುಹಾಕಿ. ಬಿಸಿಲು ನೇರವಾಗಿ ಬೀಳದಂತೆ ರಟ್ಟನ್ನು ಅಡ್ಡ ಹಿಡಿಯಿರಿ. ಐದು ನಿಮಿಷ ಬಿಟ್ಟು ಓದಿ ಬರೆಯಿರಿ. ನಂತರ ಮುಂದಿನ ಜಾಗಕ್ಕೆ ಹೋಗಿ.
3. ಎರಡು ವಾರ ಹೀಗೆ ಬರೆದು, ಪ್ರತಿ ಜಾಗದ ಸರಾಸರಿ ಕಂಡುಹಿಡಿಯಿರಿ.
4. ಪ್ರತಿ ದಿನದ ತಾಪಮಾನ ಆ ಜಾಗದ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಮುಂದೆ ಬರೆಯಿರಿ.

ಮೂರು ಜಾಗಗಳ ಅಂಕಿಗಳು ಬೇರೆ ಬೇರೆ ಇರಬಹುದು. ಆದರೆ ಸೆಕೆಯ ದಿನ ಬಂದಾಗ ಮೂರೂ ಕಡೆ ಏರಿತೇ? ಮಳೆಯ ದಿನ ಮೂರೂ ಕಡೆ ಇಳಿಯಿತೇ? ಬೇರೆ ಬೇರೆ ಜಾಗದ ತಾಪಮಾಪಕಗಳಿಂದ ವಿಜ್ಞಾನಿಗಳು ಭೂಮಿಯ ಏರಿಕೆಯನ್ನು ಕಂಡುಹಿಡಿಯುವುದು ಹೀಗೆ, ಆಯಾ ಜಾಗದ ಸರಾಸರಿಯಿಂದ ಆದ ವ್ಯತ್ಯಾಸವನ್ನು ನೋಡಿ.

ಯೋಚಿಸಿ, ಉತ್ತರಿಸಿ

1. ಮೌನಾ ಲೋವಾದ ಅಳತೆಯನ್ನು ದಕ್ಷಿಣ ಧ್ರುವದ ಅಳತೆಯೊಂದಿಗೆ ಹೋಲಿಸಿದ್ದು ಏಕೆ ಮುಖ್ಯ?
2. ಕಾಡಿನ ಮರವನ್ನು ಸುಟ್ಟರೆ ಬರುವ ಅನಿಲದಲ್ಲಿ ಇಂಗಾಲ-14 ಇರುತ್ತದೆಯೇ? ಕಲ್ಲಿದ್ದಲನ್ನು ಸುಟ್ಟರೆ?
3. ನಿಮ್ಮ ಊರಿನಲ್ಲಿ ಎಲ್ಲರೂ ನಂಬುವ ಒಂದು ಮಾತನ್ನು ಆರಿಸಿ. ಅದು ನಿಜವೇ ಎಂದು ತಿಳಿಯಲು ಏನನ್ನು, ಎಷ್ಟು ದಿನ ಅಳೆಯುತ್ತೀರಿ?